ಉಜ್ಜುವ ಮುನ್ನ ಅಳೆಯಬೇಕು

ಸಿಡ್ನಿಯ ಪಶ್ಚಿಮಕ್ಕೆ ಸುಮಾರು 140 ಕಿ.ಮೀ. ದೂರದ ಲಿತ್‌ಗೋದಲ್ಲಿ 1912ರಲ್ಲಿ ತೆರೆದ ಶಸ್ತ್ರ ಕಾರ್ಖಾನೆಯ .303 ಲೀ-ಎನ್‌ಫೀಲ್ಡ್ ರೈಫಲ್ಲುಗಳು ಇನ್ನೂ ಮೂಲೆ ಸೇರಿಲ್ಲ. ಸಿಡ್ನಿಯ ಮಲಬಾರ್ ಭೂಶಿರದ ಆನ್‌ಜ್ಯಾಕ್ ರೇಂಜು, ಮೆಲ್ಬರ್ನಿನಾಚೆ ಲಿಟಲ್ ರಿವರ್‌ನ ಈಗಲ್ ಪಾರ್ಕಿನಂಥ ಜಾಗಗಳಲ್ಲಿ ಹಳೆಯ ಸೇನಾ ರೈಫಲ್ಲುಗಳ ಅಭಿಮಾನಿಗಳು ಅವುಗಳಿಂದ ಗುರಿ ಹೊಡೆಯುತ್ತಾರೆ. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಂಡ ‘ತ್ರೀ ನಾಟ್ ತ್ರೀ’ ಇದೇ ಮನೆತನದ್ದು. ಇಂಥ ಬಂದೂಕಿಗೆ ಮನೆಯಲ್ಲೇ ಸೀಸ ಕರಗಿಸಿ, ತವರ, ಆಂಟಿಮನಿ ಬೆರೆಸಿ, ಅಚ್ಚಿಗೆ ಹೊಯ್ದ ಗುಂಡನ್ನು ಬಳಸುವವರಿದ್ದಾರೆ. ಗುಂಡು ಗುರಿಗೆ ಬೀಳದಿದ್ದಾಗ ಅವರಲ್ಲಿ ಅನೇಕರು ಮೊರೆಹೋಗುವ ಉಪಾಯ, ನಳಿಗೆಯ ಒಳಮೈ ಉಜ್ಜಿ ನುಣುಪಾಗಿಸುವ ಲ್ಯಾಪಿಂಗ್.

ನಳಿಗೆಯ ಒರಟುತನಕ್ಕೆ ಕಾರಣವಿದೆ. ಹಳೆಯ ಸೇನಾ ತೋಟಾಗಳ ಕ್ಯಾಪಿನ ರಾಸಾಯನಿಕ ಸಿಡಿದ ಮೇಲೆ ಉಪ್ಪನ್ನು ಬಿಡುತ್ತಿತ್ತು. ನೀರು ಹಾಕಿ ತೊಳೆಯದಿದ್ದರೆ ಆ ಉಪ್ಪು ತೇವ ಹೀರಿ ಉಕ್ಕಿನಲ್ಲಿ ತುಕ್ಕಿನ ಗುಳಿ ಕೊರೆಯುತ್ತಿತ್ತು. ಕಾರ್ಡೈಟ್ ಮದ್ದಿನ ಬಿಸಿ ಗುಂಡು ಹೊರಡುವ ಗಂಟಲನ್ನು ಸವೆಸುತ್ತಿತ್ತು. ತಾಮ್ರದ ಕವಚದ ಗುಂಡು ಇದನ್ನೆಲ್ಲ ತಾಳಿಕೊಳ್ಳುತ್ತದೆ. ಮೆತ್ತನೆಯ ಸೀಸ ಉಕ್ಕಿನ ಚೂಪಿಗೆ ಸಿಕ್ಕಿ ನಳಿಗೆಗೆ ಮೆತ್ತಿಕೊಳ್ಳುತ್ತದೆ.

ಲ್ಯಾಪಿಂಗ್‌ಗೆ ಎರಡು ದಾರಿ. ಒಂದು, ನಳಿಗೆಯೊಳಗೇ ಸರಳಿನ ತುದಿಗೆ ಸೀಸದ ಬಿರಡೆ ಎರೆದು, ಉಜ್ಜುಪುಡಿ ಮತ್ತು ಎಣ್ಣೆ ಸವರಿ ಕೈಯಿಂದ ಹಿಂದೆ ಮುಂದೆ ಎಳೆಯುವುದು. ಇನ್ನೊಂದು, ಉಜ್ಜುಪುಡಿ ಮೆತ್ತಿದ ಗುಂಡುಗಳನ್ನೇ ಕಡಿಮೆ ಮದ್ದಿನಲ್ಲಿ ಹಾರಿಸುವುದು. ಮೊದಲನೆಯದರಲ್ಲಿ ಬಿಗಿಯಾದ ಜಾಗ ಕೈಗೆ ತಿಳಿಯುತ್ತದೆ, ಅಲ್ಲಷ್ಟೇ ಉಜ್ಜಬಹುದು. ಎರಡನೆಯದು ಸುಲಭ, ಆದರೆ ಮೊದಲೇ ಸವೆದ ಗಂಟಲನ್ನು ಪ್ರತಿ ಗುಂಡೂ ಇನ್ನಷ್ಟು ಸವೆಸುತ್ತದೆ. ಹಳೆಯ ಲಿತ್‌ಗೋ ನಳಿಗೆಗೆ ಇದು ದುಬಾರಿ ಬೆಲೆ.

ಆದರೆ ನನ್ನ ದೊಡ್ಡ ಆಕ್ಷೇಪ ವಿಧಾನದ ಮೇಲಲ್ಲ, ಅವಸರದ ಮೇಲೆ. ಗುರಿ ತಪ್ಪಿಸುವುದು ಬಹಳ ಸಲ ಒರಟುತನವಲ್ಲ, ಗುಂಡಿನ ಅಳತೆ. ಈ ರೈಫಲ್ಲುಗಳ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ತೋಡಿನ ವ್ಯಾಸ ಒಂದೊಂದರಲ್ಲಿ ಒಂದೊಂದು, 0.311 ಇಂಚಿನ ಗುಂಡನ್ನು 0.315 ಇಂಚಿನ ನಳಿಗೆಯಲ್ಲಿ ಹಾರಿಸಿದರೆ ಬಿಸಿ ಅನಿಲ ಪಕ್ಕದಿಂದ ನುಗ್ಗಿ ಸೀಸವನ್ನು ಕೊರೆಯುತ್ತದೆ. ಎರಕದ ಗುಂಡು ತೋಡಿಗಿಂತ ಇಂಚಿನ ಸಾವಿರದಲ್ಲಿ ಒಂದೆರಡು ಭಾಗ ದಪ್ಪವಿರಬೇಕು. ತೋಡುಗಳು ಐದಾದ್ದರಿಂದ ಒಂದರ ಎದುರು ಇನ್ನೊಂದು ಬರುವುದಿಲ್ಲ. ನಳಿಗೆಯಲ್ಲಿ ತೂರಿಸಿ ತೆಗೆದ ಸೀಸವನ್ನು ಸಾಮಾನ್ಯ ಮೈಕ್ರೋಮೀಟರಿನಲ್ಲಿ ಅಳೆದರೆ ಅಳತೆ ಸುಳ್ಳಾಗುತ್ತದೆ. ಐದು ತೋಡಿಗೆಂದೇ ಇರುವ ವಿ ಆಕಾರದ ಮೈಕ್ರೋಮೀಟರು ಬೇಕು. ಉಜ್ಜುವವರು ಎಡವುವುದು ಇಲ್ಲೇ, ಅಳೆಯದೆ ಹೊರಡುತ್ತಾರೆ. ಉಜ್ಜಿ ನಳಿಗೆ ಅಗಲವಾದಷ್ಟೂ ಹಳೆಯ ಅಚ್ಚಿನ ಗುಂಡು ಮತ್ತಷ್ಟು ಸಡಿಲವಾಗುತ್ತದೆ.

ಸೀಸ ಎಲ್ಲಿ ಮೆತ್ತಿದೆಯೋ ಅದೇ ರೋಗದ ಗುರುತು. ಗಂಟಲ ಬಳಿಯಾದರೆ ಗುಂಡು ತೆಳುವೆಂದು ಮೊದಲು ಅನುಮಾನಿಸಬೇಕು. ಬಾಯಿಯ ಬಳಿಯಾದರೆ ಗುಂಡಿಗೆ ಸವರಿದ ಜೇನುಮೇಣದ ಲೇಪ ದಾರಿಯಲ್ಲೇ ಮುಗಿದಿರಬಹುದು. ಒಂದೇ ತಾಣದಲ್ಲಿ ಪದೇ ಪದೇ ಕಟ್ಟಿಕೊಂಡರೆ ಮಾತ್ರ ಅಲ್ಲಿ ಒರಟು ಅಥವಾ ಇರುಕು ಇರುವ ಸಂಭವ ಹೆಚ್ಚು. ನಳಿಗೆ ಸ್ವಚ್ಛಗೊಳಿಸುವ ಹಗ್ಗ ಎಳೆದು ಎಳೆದು ಸವೆದ ಬಾಯಿಯನ್ನಾಗಲಿ, ಸೊಟ್ಟಗಾಗಿ ನಳಿಗೆಯನ್ನು ಒತ್ತುವ ಮುಂಭಾಗದ ಮರವನ್ನಾಗಲಿ ಯಾವ ಉಜ್ಜುಪುಡಿಯೂ ಸರಿಪಡಿಸದು.

ಹಾಗೆಂದು ಲ್ಯಾಪಿಂಗ್ ವ್ಯರ್ಥವಲ್ಲ. ಬಂದೂಕಿನ ಒಡಲಿಗೆ ಕೂಡಿಸುವ ಹಿಂಬದಿ ತಿರುಪಿನ ಬಳಿ ನಳಿಗೆ ಇರುಕಾಗಿದ್ದರೆ ಅಲ್ಲಿ ಹಿಂಡಿಸಿಕೊಂಡ ಗುಂಡು ಮುಂದಿನ ಭಾಗದಲ್ಲಿ ಸಡಿಲವಾಗುತ್ತದೆ. ಆ ಇರುಕನ್ನು ಬಿಡಿಸಲು ಕೈಲ್ಯಾಪಿಂಗಿನಷ್ಟು ನೇರವಾದ ಮದ್ದು ಬೇರಿಲ್ಲ. ಆಳವಾದ ಗುಳಿಗಳನ್ನು ಮಾತ್ರ ಅಳಿಸಹೋಗಬಾರದು: ಅವುಗಳ ತಳ ಮುಟ್ಟುವಷ್ಟರಲ್ಲಿ ನಳಿಗೆಯೇ ಕೆಟ್ಟಿರುತ್ತದೆ. ಗುಳಿಯ ಅಂಚಿನ ಚೂಪು ಹೋದರೆ ಸಾಕು.

ಮೊದಲು ಹಳೆಯ ತಾಮ್ರ, ಸೀಸವನ್ನೆಲ್ಲ ತೆಗೆಯುವುದು, ಆಮೇಲೆ ಅಳೆಯುವುದು, ಅಳತೆಗೆ ತಕ್ಕ ಅಚ್ಚು ತರುವುದು, ಮರವನ್ನು ಕೂರಿಸುವುದು. ಇಷ್ಟಾದರೂ ಗುರಿ ಸಿಗದಿದ್ದರೆ ಮಾತ್ರ, ಕೆಲಸ ಬಲ್ಲ ಲೈಸೆನ್ಸುದಾರ ಕುಶಲಿಯ ಕೈಯಲ್ಲಿ ಲ್ಯಾಪಿಂಗ್. ತೆಳುವಾದ ಗುಂಡಿಗೆ ಬದಲಿ ಎರೆಯಬಹುದು. ಉಜ್ಜಿ ಕಳೆದ ಉಕ್ಕನ್ನು ಮರಳಿ ತುಂಬಲಾಗದು.