ಚಿಪ್ಪು ಬದಲಿ ಮತ್ತು ಆಟಗಾರನ ಮೊಣಕಾಲು

ವಿಜಯಪುರ ಜಿಲ್ಲೆಯ ಇಬ್ರಾಹಿಂಪುರದಲ್ಲಾಗಲಿ, ತಿಕೋಟಾದಲ್ಲಾಗಲಿ, ಬಬಲೇಶ್ವರದಲ್ಲಾಗಲಿ ಮೊಣಕಾಲಿನ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಗೆ ಜನ ಕೊಟ್ಟಿರುವ ಹೆಸರು ‘ಚಿಪ್ಪು ಬದಲಿ’. ನನ್ನ ತಕರಾರು ಈ ಹೆಸರಿನಿಂದಲೇ ಶುರುವಾಗುತ್ತದೆ. ಮೊಣಕಾಲಿನ ಮುಂದಿರುವ ಚಿಪ್ಪನ್ನು ತೆಗೆದು ಹೊಸದನ್ನು ಕೂಡಿಸುವುದು ಇಲ್ಲಿ ನಡೆಯುವುದೇ ಇಲ್ಲ. ತೊಡೆಯೆಲುಬಿನ ಕೆಳತುದಿಯನ್ನೂ ಅದರ ಕೆಳಗಿನ ಎಲುಬಿನ ಮೇಲ್ತುದಿಯನ್ನೂ ಕೆಲವು ಮಿಲಿಮೀಟರ್ ಕೊಯ್ದು, ಮೇಲಿನದಕ್ಕೆ ಕೋಬಾಲ್ಟ್-ಕ್ರೋಮಿಯಂ ಲೋಹದ ಟೊಪ್ಪಿಗೆ ತೊಡಿಸುತ್ತಾರೆ, ಕೆಳಗಿನದಕ್ಕೆ ಲೋಹದ ತಟ್ಟೆ ಕೂಡಿಸುತ್ತಾರೆ, ನಡುವೆ ಪಾಲಿಥೀನ್ ಗಾದಿ ಇಡುತ್ತಾರೆ. ಸ್ವಂತ ಚಿಪ್ಪು ಅಲ್ಲೇ ಉಳಿಯುತ್ತದೆ. ಬೇಕೆನಿಸಿದರೆ ಅದರ ಒಳಮೈಗೆ ಪ್ಲಾಸ್ಟಿಕ್ಕಿನ ಒಂದು ಗುಂಡಿ ಅಂಟಿಸುತ್ತಾರೆ, ಅಷ್ಟೆ. ‘ಬದಲಿ’ ಎಂದಾಗ ಮನಸ್ಸಿಗೆ ಬರುವುದು ಮೋಟರ್ ಸೈಕಲ್ಲಿನ ಸವೆದ ಟೈರು. ಹಳೆಯದು ಹೋಯಿತು, ಹೊಸದು ಬಂತು, ಇನ್ನು ಮೊದಲಿನಂತೆ ಓಡಬಹುದು ಎಂಬ ನಂಬಿಕೆ ಆ ಹೆಸರಿನ ಜೊತೆಗೇ ರೋಗಿಯ ಮನೆಗೆ ಬರುತ್ತದೆ.

ಅರವತ್ತೈದು, ಎಪ್ಪತ್ತು ದಾಟಿದವರ ಸವೆದ ಮೊಣಕಾಲಿಗೆ ಇದು ನಿಜಕ್ಕೂ ವರವಾದ ಚಿಕಿತ್ಸೆ. 1970ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್ ಮತ್ತು ಸಂಗಡಿಗರು ರೂಪಿಸಿದ ಕೃತಕ ಕೀಲೇ ಇಂದಿನ ಬಹುತೇಕ ಕೀಲುಗಳ ಮೂಲ. ಆ ತಂಡದಲ್ಲಿ ನಮ್ಮ ದೇಶದ ಚಿತ್ತರಂಜನ್ ರಣಾವತ್ ಇದ್ದರು. 2000 ಮತ್ತು 2001ರಲ್ಲಿ ಪ್ರಧಾನಿ ವಾಜಪೇಯಿ ಅವರ ಎರಡೂ ಮೊಣಕಾಲುಗಳಿಗೆ ಮುಂಬೈಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರೂ ಅವರೇ. ನಮ್ಮ ಊರುಗಳ ಸಾಮಾನ್ಯ ಜನರಿಗೆ ಇಂಥದೊಂದು ಚಿಕಿತ್ಸೆಯಿದೆ ಎಂದು ಗೊತ್ತಾದದ್ದು ಬಹುಮಟ್ಟಿಗೆ ಆ ಸುದ್ದಿಯಿಂದ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೀಲಿನ ಬೆಲೆಗೆ ಮಿತಿ ಹಾಕಿದಾಗ, ಒಂದೂವರೆ ಲಕ್ಷದ ಮೇಲೆ ಮಾರಾಟವಾಗುತ್ತಿದ್ದ ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಕೀಲು 54,720 ರೂಪಾಯಿಗೆ ಇಳಿಯಿತು. ಬಡವರ ಪರವಾಗಿ ತೆಗೆದುಕೊಂಡ ಒಳ್ಳೆಯ ತೀರ್ಮಾನ ಅದು, ಎರಡು ಮಾತಿಲ್ಲ.

ಆದರೆ ನಾನು ಮಾತಾಡಬೇಕಾಗಿರುವುದು ಬೇರೊಂದು ಮೊಣಕಾಲಿನ ಬಗ್ಗೆ. ಇಪ್ಪತ್ತರ ಪ್ರಾಯದಲ್ಲಿ ಜಾತ್ರೆಯ ಕಬಡ್ಡಿಯಲ್ಲೋ ಕುಸ್ತಿಯ ಕಣದಲ್ಲೋ ತಿರುಚಿದ ಮೊಣಕಾಲು ಅದು. ಪಾದ ಮಣ್ಣಿನಲ್ಲಿ ಊರಿದೆ, ಮೈ ತಿರುಗಿದೆ, ಎದುರಾಳಿ ತೊಡೆ ಹಿಡಿದಿದ್ದಾನೆ. ‘ಪಟ್ ಅಂತ ಸಪ್ಪಳಾತ್ರಿ’ ಎಂದು ಹಳೆಯ ಆಟಗಾರರು ಹೇಳುತ್ತಾರಲ್ಲ, ಬಹಳಷ್ಟು ಸಲ ಅದು ಕೀಲಿನ ನಡುವೆ ಎಲುಬುಗಳನ್ನು ಹಿಡಿದಿಡುವ ಪಟ್ಟಿ, ಅಂದರೆ ಲಿಗಮೆಂಟ್, ಹರಿದ ಸಪ್ಪಳ. ಬಾವು ಬರುತ್ತದೆ. ಎಣ್ಣೆ ಹಚ್ಚಿ ತಿಕ್ಕಿಸಿ, ಪಟ್ಟಿ ಕಟ್ಟಿಸಿಕೊಂಡು ಮೂರು ವಾರಕ್ಕೆ ಮತ್ತೆ ಕಣಕ್ಕಿಳಿಯುತ್ತಾರೆ. ಬಾವು ಇಳಿದದ್ದೇ ಗುಣವಾದ ಗುರುತು ಎಂದು ಎಲ್ಲರೂ ನಂಬುತ್ತಾರೆ. ಆಮೇಲೆ ಮೆಟ್ಟಿಲಿಳಿಯುವಾಗ ಒಮ್ಮೆ, ಹೊಲದ ಬದು ದಾಟುವಾಗ ಒಮ್ಮೆ ಕಾಲು ಸಟಕ್ಕನೆ ಜಾರುತ್ತದೆ. ಪ್ರತಿ ಸಲ ಜಾರಿದಾಗಲೂ ಒಳಗಿನ ಗಾದಿ, ಅಂದರೆ ಎರಡು ಎಲುಬುಗಳ ನಡುವಿನ ಅರ್ಧಚಂದ್ರಾಕಾರದ ಮೃದ್ವಸ್ಥಿ, ಇನ್ನಷ್ಟು ಹರಿಯುತ್ತದೆ. ಆ ಗಾದಿಯನ್ನು ತೆಗೆದುಹಾಕಿದ ಮೊಣಕಾಲು ಕ್ರಮೇಣ ಸವೆಯುತ್ತದೆಂದು ಇಂಗ್ಲೆಂಡಿನ ಫೇರ್‌ಬ್ಯಾಂಕ್ ಎಂಬ ವೈದ್ಯ 1948ರಲ್ಲೇ ಎಕ್ಸ್‌ರೇ ಸಮೇತ ತೋರಿಸಿದ್ದ. ಲಿಗಮೆಂಟ್ ಅಥವಾ ಗಾದಿ ಹರಿದವರಲ್ಲಿ ಸುಮಾರು ಅರ್ಧದಷ್ಟು ಜನ ಹತ್ತಿಪ್ಪತ್ತು ವರ್ಷದೊಳಗೆ ಸಂಧಿವಾತಕ್ಕೆ ತುತ್ತಾಗುತ್ತಾರೆ ಎಂಬುದು ಈಗ ವೈದ್ಯಲೋಕ ಒಪ್ಪಿರುವ ಅಂದಾಜು. ಇಪ್ಪತ್ತೆರಡಕ್ಕೆ ಬಿದ್ದವನಿಗೆ ನಲವತ್ತೆರಡಕ್ಕೇ ಮುದುಕನ ಮೊಣಕಾಲು.

ಆಗ ಅವನು ಎಕ್ಸ್‌ರೇ ಹಿಡಿದು ಸೊಲ್ಲಾಪುರಕ್ಕೋ ಮೀರಜಕ್ಕೋ ಬೆಳಗಾವಿಗೋ ಹೋಗುತ್ತಾನೆ, ಇಲ್ಲವೇ ವಿಜಯಪುರದಲ್ಲೇ ತೋರಿಸುತ್ತಾನೆ. ‘ಗ್ಯಾಪ್ ಹೋಗಿದೆ’, ‘ಗ್ರೀಸ್ ಮುಗಿದಿದೆ’ ಎಂಬ ಮಾತು ಅವನ ಕಿವಿಗೆ ಬೀಳುತ್ತದೆ. ಮುಂದಿನ ಮಾತು ಚಿಪ್ಪು ಬದಲಿಯದು. ನನ್ನ ವಿಮರ್ಶೆಯ ಮುಖ್ಯ ಆಕ್ಷೇಪ ಇರುವುದು ಇಲ್ಲಿಯೇ. ಎಪ್ಪತ್ತರ ಅಜ್ಜಿಗೆ ಹೇಳುವ ಮಾತುಗಳನ್ನೇ ನಲವತ್ತೆಂಟರ ಮಾಜಿ ಆಟಗಾರನಿಗೂ ಹೇಳಲಾಗುತ್ತದೆ. ಎಪ್ಪತ್ತು ದಾಟಿ ಕೀಲು ಹಾಕಿಸಿಕೊಂಡವರಲ್ಲಿ ನೂರಕ್ಕೆ ಐವರಿಗೆ ಮಾತ್ರ ಜೀವಮಾನದಲ್ಲಿ ಎರಡನೇ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಐವತ್ತರ ಆಸುಪಾಸಿನ ಗಂಡಸರಲ್ಲಿ ಆ ಸಂಖ್ಯೆ ಮೂವತ್ತೈದರವರೆಗೂ ಹೋಗುತ್ತದೆ. ಬ್ರಿಟನ್ನಿನ ರೋಗಿಗಳ ದಾಖಲೆಗಳಿಂದ 2017ರಲ್ಲಿ ಪ್ರಕಟವಾದ ಲೆಕ್ಕ ಇದು. ಎರಡನೆಯದು ಮೊದಲನೆಯದರಷ್ಟು ಸುಲಭವಲ್ಲ: ಉಳಿದ ಎಲುಬು ಕಡಿಮೆ, ಸೋಂಕಿನ ಭಯ ಹೆಚ್ಚು, ಆ ಕೀಲಿನ ಬೆಲೆಗೆ 2017ರಲ್ಲಿ ಸರ್ಕಾರ ಹಾಕಿದ ಮಿತಿಯೇ 1,13,950 ರೂಪಾಯಿ ಇತ್ತು.

ಹಿಂದೆ ಲಿಗಮೆಂಟ್ ಜೋಡಿಸಿಕೊಂಡಿದ್ದರಂತೂ ಇನ್ನೊಂದು ತೊಡಕು. ಎಲುಬಿನಲ್ಲಿ ಹಳೆಯ ಸ್ಕ್ರೂ ಇರುತ್ತದೆ, ಚರ್ಮದ ಮೇಲೆ ಹಳೆಯ ಗಾಯದ ಕಲೆ, ಒಳಗೆ ಬಿಗಿದುಕೊಂಡ ಊತಕ. ಶಸ್ತ್ರಚಿಕಿತ್ಸೆ ಹೆಚ್ಚು ಹೊತ್ತು ಹಿಡಿಯುತ್ತದೆ, ಮಡಚುವ ಶಕ್ತಿ ಮೊದಲೇ ಕಡಿಮೆಯಿದ್ದರೆ ಆಮೇಲೂ ಕಡಿಮೆಯೇ ಉಳಿಯುವ ಸಂಭವ ಹೆಚ್ಚು. ಹಾಗಂತ ಆಗಲೇ ಲಿಗಮೆಂಟ್ ಜೋಡಿಸಿದ್ದರೆ ಎಲ್ಲವೂ ತಪ್ಪುತ್ತಿತ್ತು ಎಂದು ನಾನು ಹೇಳಲಾರೆ. ಜೋಡಿಸಿದರೆ ಕಾಲು ಜಾರುವುದು ನಿಲ್ಲುತ್ತದೆ, ಗಾದಿ ಉಳಿಯುವ ಅವಕಾಶ ಹೆಚ್ಚುತ್ತದೆ. ಸವೆತವೇ ಬಾರದಂತೆ ತಡೆಯುತ್ತದೆಂಬ ಖಾತ್ರಿ ಮಾತ್ರ ಯಾರೂ ಕೊಡಲಾರರು.

ಹಾಗಾದರೆ ಈ ವಯಸ್ಸಿನವನಿಗೆ ಇನ್ನೇನು ಹೇಳಬೇಕಿತ್ತು? ಒಂದೇ ಬದಿ ಸವೆದು ಕಾಲು ಬಿಲ್ಲಿನಂತೆ ಬಾಗಿದ್ದರೆ, ಕೆಳಗಿನ ಎಲುಬನ್ನು ಕೊಯ್ದು ಓರೆ ತಿದ್ದಿ, ಭಾರವನ್ನು ಚೆನ್ನಾಗಿರುವ ಬದಿಗೆ ಸರಿಸುವ ಶಸ್ತ್ರಚಿಕಿತ್ಸೆಯಿದೆ. ಅದರಲ್ಲಿ ಸ್ವಂತ ಕೀಲು ಉಳಿಯುತ್ತದೆ, ದುಡಿಯುವ ವಯಸ್ಸಿನವನು ಹೊಲದ ಕೆಲಸಕ್ಕೆ ಮರಳಬಹುದು. ಅರ್ಧ ಕೀಲು ಮಾತ್ರ ಬದಲಿಸುವುದೂ ಉಂಟು. ಎಲ್ಲಕ್ಕಿಂತ ಮೊದಲು ತೊಡೆಯ ಮುಂಭಾಗದ ಸ್ನಾಯುವಿಗೆ ಆರು ತಿಂಗಳ ಬಿಡದ ವ್ಯಾಯಾಮ, ಮೈತೂಕದ ಇಳಿಕೆ. ಗರಡಿಯಲ್ಲಿ ಸಾಮು ತೆಗೆದ ಮೈಗೆ ವ್ಯಾಯಾಮದ ಶಿಸ್ತನ್ನು ಯಾರೂ ಕಲಿಸಬೇಕಾಗಿಲ್ಲ. ಯಾವುದನ್ನು ಮಾಡಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವ ಫಿಸಿಯೋಥೆರಪಿಸ್ಟ್ ಸಿಕ್ಕರೆ ಸಾಕು. ರಸ್ತೆಬದಿಯ ಫಲಕಗಳಲ್ಲಿ ರೋಬೋಟ್ ಇದೆ, ‘ಮರುದಿನವೇ ನಡಿಗೆ’ ಇದೆ. ಓರೆ ತಿದ್ದುವುದರ ಮಾತು ಅಲ್ಲಿಲ್ಲ.

ಮರುದಿನದ ನಡಿಗೆಯನ್ನೇ ಯಶಸ್ಸಿನ ಅಳತೆ ಮಾಡಿಕೊಂಡದ್ದು ನನಗೆ ಅತ್ಯಂತ ನೋವು ತರುವ ಸಂಗತಿ. ಕೀಲು ಬದಲಿಸಿಕೊಂಡ ಐವರಲ್ಲಿ ಒಬ್ಬರು ತೃಪ್ತರಲ್ಲ ಎಂದು ಹೊರದೇಶದ ಅಧ್ಯಯನಗಳೇ ಹೇಳಿವೆ. ಅಲ್ಲಿನವರು ಕುರ್ಚಿಯ ಮೇಲೆ ಬದುಕುವವರು. ನಮ್ಮದು ನೆಲದ ಬದುಕು. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂಡಬೇಕು, ನಮಾಜಿನಲ್ಲಿ ಮೊಣಕಾಲೂರಬೇಕು, ತಿಕೋಟಾದ ದ್ರಾಕ್ಷಿ ತೋಟದಲ್ಲಿ ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡಬೇಕು. ಬದಲಿಸಿದ ಕೀಲು ಸಾಮಾನ್ಯವಾಗಿ 110, 120 ಡಿಗ್ರಿ ಮಡಚುತ್ತದೆ. ಕುಕ್ಕರಗಾಲಿಗೆ 130ಕ್ಕಿಂತ ಹೆಚ್ಚು ಬೇಕು. ‘ಹೆಚ್ಚು ಮಡಚುವ’ ಕೀಲೆಂದು ಮಾರುವುದೂ ಬಳಕೆಯಲ್ಲಿ ಅಷ್ಟೇನೂ ಹೆಚ್ಚು ಮಡಚುವುದಿಲ್ಲ. ಇದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ, ಮನೆಯವರನ್ನು ಎದುರಿಗೆ ಕೂಡಿಸಿಕೊಂಡು, ನಮ್ಮ ಮಾತಿನಲ್ಲಿ ಹೇಳಬೇಕು. ಹಾಗೆ ಹೇಳದೆ ಮಾಡಿದ್ದು, ಎಕ್ಸ್‌ರೇಯಲ್ಲಿ ಎಷ್ಟೇ ಚೆಂದ ಕಂಡರೂ, ನನ್ನ ಲೆಕ್ಕದಲ್ಲಿ ಅರ್ಧ ಚಿಕಿತ್ಸೆ.

ಆಟದ ವಿಷಯದಲ್ಲೂ ಅಷ್ಟೇ ನಿಚ್ಚಳ ಮಾತು ಬೇಕು. ಕಬಡ್ಡಿ, ಕುಸ್ತಿ, ಓಟ, ಜಿಗಿತ ಇನ್ನಿಲ್ಲ. ಆಡಿದರೆ ಪಾಲಿಥೀನ್ ಗಾದಿ ಸವೆದು, ಅದರ ಪುಡಿಯಿಂದ ಕೀಲು ಸಡಿಲಾಗುತ್ತದೆ. ನಡಿಗೆ, ಈಜು, ಸೈಕಲ್ ಆಗಬಹುದು. ಸೈಕಲ್ ಎಂದರೆ ವಿಜಯಪುರಕ್ಕೆ ಹೊಸತಲ್ಲ, ಈ ಜಿಲ್ಲೆ ರಾಜ್ಯಕ್ಕೆ ಸೈಕ್ಲಿಸ್ಟರನ್ನು ಕೊಟ್ಟ ನೆಲ. ಶಸ್ತ್ರಚಿಕಿತ್ಸೆಯಾಗಿ ಒಂದೂವರೆ ತಿಂಗಳಿಗೆ, ವೈದ್ಯರು ಒಪ್ಪಿದ ಮೇಲೆ, ಮೊದಲು ನಿಂತಲ್ಲೇ ತುಳಿಯುವ ಸೈಕಲ್ಲು. ಆಮೇಲೆ ರಸ್ತೆಗೆ ಇಳಿಯುವಾಗ ಸೀಟನ್ನು ಎತ್ತರಿಸಿಕೊಳ್ಳಬೇಕು: ಪೆಡಲ್ ಕೆಳಗೆ ಬಂದಾಗ ಕಾಲು ಹೆಚ್ಚುಕಡಿಮೆ ನೆಟ್ಟಗಾಗಬೇಕು, ಮೇಲೆ ಬಂದಾಗ ಮೊಣಕಾಲು ಎಳೆಯಬಾರದು.