ಹೋಲ್ಬೈನನ ಒಂದು ಪೂರ್ವರೇಖಾಚಿತ್ರ

ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯದ ಶಿಲ್ಪಗಳಲ್ಲಿ ಶಿಲ್ಪಿಯು ಮೊದಲು ಎಳೆದ ಗೆರೆಗಳು ನಮಗೆ ಕಾಣಸಿಗವು. ಚಾಣವು ಅವನ್ನು ನುಂಗಿದೆ. ಹಾನ್ಸ್ ಹೋಲ್ಬೈನನು ಸುಮಾರು 1526-27ರಲ್ಲಿ ಕರಿಯ ಹಾಗೂ ಬಣ್ಣದ ಸೀಮೆಸುಣ್ಣಗಳಿಂದ ಬರೆದ, ಆಂಗ್ಲ ರಾಜನೀತಿಜ್ಞ ಥಾಮಸ್ ಮೋರನ ಭಾವಚಿತ್ರದ ಪೂರ್ವರೇಖೆಯಾದರೋ ವಿಂಡ್ಸರ್ ಕೋಟೆಯ ರಾಜಸಂಗ್ರಹದಲ್ಲಿ ಉಳಿದುಬಂದಿದೆ. ಅದರ ಹೊರಗೆರೆಗಳ ಗುಂಟ ಸೂಜಿಯ ರಂಧ್ರಗಳಿವೆ. ಅವುಗಳ ಮೂಲಕ ಇದ್ದಿಲಪುಡಿಯನ್ನು ತಟ್ಟಿ ಆಕೃತಿಯನ್ನು ಹಲಗೆಗೆ ಇಳಿಸುವುದು ಅಂದಿನ ಕ್ರಮ. 1527ರ ಆ ವರ್ಣಚಿತ್ರವು ನ್ಯೂಯಾರ್ಕಿನ ಫ್ರಿಕ್ ಸಂಗ್ರಹದಲ್ಲಿದೆ.

ರೇಖಾಚಿತ್ರವನ್ನು ಸ್ವತಂತ್ರ ಕೃತಿಯೆಂದೇ ಮೆಚ್ಚುವವರಿಗೆ ಈ ರಂಧ್ರಗಳು ಕುಂದೆನಿಸಬಹುದು. ನಾವು ಇದನ್ನು ಒಪ್ಪಲಾರೆವು. ಯಾವ ಗೆರೆ ಹಲಗೆಗೆ ಹೋಗತಕ್ಕದ್ದೆಂಬ ನಿರ್ಣಯವು ಅವುಗಳಲ್ಲಿಯೇ ಇದೆ. ಆದರೂ ವರ್ಣಚಿತ್ರದಲ್ಲಿ ಕೆಂಪು ಮಖಮಲ್ಲಿನ ತೋಳೂ ಕೊರಳ ಸರವೂ ಕಣ್ಣನ್ನು ಸೆಳೆಯುತ್ತವೆ; ಈ ಕಾಗದದ ಮೇಲಾದರೆ ನೋಟವು ಮೋರನ ಕಣ್ಣು ತುಟಿಗಳಿಗೇ ಮರಳುತ್ತದೆ. ಸೂಜಿಯು ಗೆರೆಯನ್ನು ಸಾಗಿಸಬಲ್ಲದು. ಸೀಮೆಸುಣ್ಣದ ಮೆಲುನೆರಳನ್ನು ಸಾಗಿಸಲಾರದು. ಅದನ್ನು ಹೋಲ್ಬೈನನು ಬಣ್ಣದಲ್ಲಿ ಹೊಸದಾಗಿಯೇ ಸಾಧಿಸಬೇಕಾಯಿತು.