ಕತ್ತೆತ್ತಿ ನೋಡುವ ಸ್ಮಾರಕ, ಬಗ್ಗಿ ನಡೆಯುವ ಸ್ಮಾರಕ

ವಿಜಯವಾಡದ ಸ್ವರಾಜ್ ಮೈದಾನದಲ್ಲಿ 2024ರ ಜನವರಿ 19ರಂದು ಅನಾವರಣಗೊಂಡ ಅಂಬೇಡ್ಕರ್ ಪ್ರತಿಮೆಯ ಎತ್ತರ 125 ಅಡಿ. 81 ಅಡಿಯ ಪೀಠ ಸೇರಿದರೆ 206. ಸಾಮಾಜಿಕ ನ್ಯಾಯದ ಪ್ರತಿಮೆ ಎಂದು ಅದಕ್ಕೆ ಹೆಸರು. ಅದನ್ನು ಕಲ್ಲಿದ್ದಲು ಗಣಿ ಕಾರ್ಮಿಕರ ಸ್ಮಾರಕವಾಗಿಯೂ ನೋಡಬಹುದೇ ಎಂಬುದು ನನ್ನ ಪ್ರಶ್ನೆ.

ಪ್ರಶ್ನೆಗೆ ಕಾರಣವಿದೆ. 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅಂಬೇಡ್ಕರ್ ಅವರ ಬಳಿ ಇತ್ತು. 1943ರ ಡಿಸೆಂಬರ್‌ನಲ್ಲಿ ಅವರು ಧನಬಾದ್ ಗಣಿಗಳಿಗೆ ಹೋಗಿಬಂದರು. ಮರು ತಿಂಗಳೇ ಕಲ್ಲಿದ್ದಲು ಕಾರ್ಮಿಕರ ಕಲ್ಯಾಣ ನಿಧಿಯ ಸುಗ್ರೀವಾಜ್ಞೆ ಬಂತು: ಗಣಿಯಿಂದ ಹೊರಡುವ ಕಲ್ಲಿದ್ದಲಿಗೆ ಸುಂಕ, ಆ ದುಡ್ಡಿನಲ್ಲಿ ಕಾರ್ಮಿಕರಿಗೆ ಮನೆ, ನೀರು, ಔಷಧ. ಅದೇ ಹೊತ್ತಿಗೆ ಯುದ್ಧಕ್ಕೆ ಕಲ್ಲಿದ್ದಲು ಸಾಲದಾಗಿ, ಹೆಂಗಸರು ನೆಲದಡಿ ದುಡಿಯಬಾರದೆಂಬ ನಿಷೇಧವನ್ನು ಸರ್ಕಾರ ತೆಗೆದಿತ್ತು. 1944ರ ಫೆಬ್ರವರಿಯಲ್ಲಿ ಶಾಸನಸಭೆಯಲ್ಲಿ ಅದಕ್ಕೆ ಉತ್ತರ ಕೊಡಬೇಕಾಗಿ ಬಂದದ್ದೂ ಅವರೇ. ಹೆಂಗಸರಿಗೂ ಗಂಡಸರಷ್ಟೇ ಕೂಲಿ ಎಂಬುದನ್ನು ಅವರು ಎತ್ತಿ ಹೇಳಿದರು. ನಿಷೇಧ ಮತ್ತೆ ಜಾರಿಯಾದದ್ದು 1946ರಲ್ಲಿ.

ಈ ಇಕ್ಕಟ್ಟು ನನಗೆ ಮುಖ್ಯ. ಅಧಿಕಾರದಲ್ಲಿ ಕೂತ ನ್ಯಾಯವಂತನೊಬ್ಬ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಒಪ್ಪಿಕೊಳ್ಳಬೇಕಾದ ಕತೆ ಅದು. 125 ಅಡಿಯ ಕಂಚಿಗೆ ಅದನ್ನು ಹೇಳಲು ಬರುವುದಿಲ್ಲ. ಕತ್ತೆತ್ತಿ ನಿಂತವನಿಗೆ ಗೌರವ ಮೂಡುತ್ತದೆ. ಶತಮಾನಗಳ ಕಾಲ ತಲೆ ತಗ್ಗಿಸಿ ನಡೆಯಬೇಕಾದ ಸಮುದಾಯಗಳಿಗೆ ಆ ಎತ್ತರ ಬೇಕಿತ್ತು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಗಣಿಯ ಕೆಲಸ ನೆಲದಡಿಯದು, ಪ್ರತಿಮೆ ಕಣ್ಣನ್ನು ಒಯ್ಯುವುದು ಮೇಲಕ್ಕೆ. ಊರಾಚೆಯ ಇಬ್ರಾಹಿಂಪಟ್ನಂ ಉಷ್ಣ ವಿದ್ಯುತ್ ಸ್ಥಾವರ ಉರಿಯುವುದು ಕಲ್ಲಿದ್ದಲಿನಿಂದ. ಅದನ್ನು ಅಗೆದವರ ನೆನಪು ಪೀಠದ ಬುಡದಲ್ಲಿ ನಿಂತವನಿಗೆ ತಾನಾಗಿ ಬರುವುದಿಲ್ಲ.

ವಿಶಾಖಪಟ್ಟಣದ ಬೀಚ್ ರೋಡಿನಲ್ಲಿ ಬೇರೊಂದು ದಾರಿಯಿದೆ. ಅಲ್ಲಿ 1971ರ ಯುದ್ಧದ ಸ್ಮಾರಕಸ್ತಂಭವೂ ಇದೆ, 2002ರಿಂದ ಮ್ಯೂಸಿಯಂ ಆಗಿರುವ ಕುರುಸುರ ಜಲಾಂತರ್ಗಾಮಿಯೂ ಇದೆ. ಸ್ತಂಭವನ್ನು ನೋಡಿ ಮುಂದೆ ಹೋಗುತ್ತೇವೆ. ಕುರುಸುರದೊಳಗೆ ಮಾತ್ರ ಮೈ ಕುಗ್ಗಿಸಿ, ದುಂಡು ಬಾಗಿಲಲ್ಲಿ ಬಗ್ಗಿ ದಾಟಬೇಕು. ಎರಡೇ ನಿಮಿಷಕ್ಕೆ ಸೆಖೆ ಹತ್ತುತ್ತದೆ. ಇಲ್ಲಿ ತಿಂಗಳುಗಟ್ಟಲೆ ದುಡಿದವರು ಯಾರು ಎಂಬ ಪ್ರಶ್ನೆಯನ್ನು ಯಾವ ಫಲಕವೂ ಕೇಳಬೇಕಿಲ್ಲ, ಬೆನ್ನೇ ಕೇಳುತ್ತದೆ. ಗಣಿ ಸ್ಮಾರಕದ ವ್ಯಾಕರಣ ಇದೇ ಇರಬೇಕು.

ನಮ್ಮ ಕೋಲಾರ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಇವತ್ತು ಊರಿಗೆ ಕಾಣುವುದು ಸಯನೈಡ್ ದಿಬ್ಬಗಳು, ಸಿನಿಮಾದವರಿಗೆ ಅದು ಒಳ್ಳೆಯ ಲೊಕೇಶನ್. ಗಣಿಯವರ ಮಕ್ಕಳು, ಮೊಮ್ಮಕ್ಕಳು ಬೆಳಗಾಗುವ ಮುಂಚೆ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುತ್ತಾರೆ. ಅಲ್ಲಿ ಯಾರಾದರೂ ಸ್ಮಾರಕ ಕಟ್ಟುವುದಾದರೆ ದಯವಿಟ್ಟು ಪೀಠದಿಂದ ಶುರುಮಾಡಬೇಡಿ. ಒಂದು ಸುರಂಗದ ಐವತ್ತು ಅಡಿಯನ್ನು ಭದ್ರಪಡಿಸಿ, ದೀಪ ಕಡಿಮೆ ಇಟ್ಟು, ಗೋಡೆಯ ಮೇಲೆ ಸತ್ತವರ ಹೆಸರು ಬರೆಯಿರಿ. ನೋಡಬಂದವರು ಬಗ್ಗಿಯೇ ಓದಲಿ.